ಜೋಳದ ಬಯಲಿನ ನಡುವೆ ಸ್ವೀಡನ್ನಿನವರ ಹಳ್ಳಿ

ಪ್ರಶ್ನೆ: ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗಳು ಇಲಿನಾಯ್ ರಾಜ್ಯದ ಬಿಷಪ್ ಹಿಲ್ ಎಂಬ ಹಳ್ಳಿಗೆ ಹೋಗಿ ಬಂದು ಕೆಲವು ಚಿತ್ರಗಳನ್ನು ಕಳುಹಿಸಿದ್ದಾಳೆ. ಕಣ್ಣು ಹಾಯುವಷ್ಟು ದೂರವೂ ಮೆಕ್ಕೆಜೋಳ, ನಡುವೆ ಪಟ್ಟಣಕ್ಕೆ ಸಲ್ಲುವಂಥ ಕಟ್ಟಡಗಳು, ಅವುಗಳಲ್ಲೊಂದರ ಗೋಪುರದ ಗಡಿಯಾರಕ್ಕೆ ಒಂದೇ ಮುಳ್ಳು. ಊರಿನ ಜನಸಂಖ್ಯೆ ನೂರರ ಆಸುಪಾಸಿನಲ್ಲಿದೆಯಂತೆ. ಇಷ್ಟು ಚಿಕ್ಕ ರೈತರ ಊರಿನಲ್ಲಿ ಇಷ್ಟು ದೊಡ್ಡ ಕಟ್ಟಡಗಳು ಎದ್ದದ್ದು ಹೇಗೆ?
— ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಆಸ್ತಿಯನ್ನೆಲ್ಲ ಒಂದುಗೂಡಿಸಿ, ಒಂದೇ ಅಡುಗೆಮನೆಯ ಊಟ ಉಣ್ಣುತ್ತಿದ್ದ ನೂರಾರು ಜನರ ವಸಾಹತಾಗಿ ಈ ಊರು ಹುಟ್ಟಿತು, ಕಟ್ಟಡಗಳ ಗಾತ್ರಕ್ಕೆ ಅದೇ ಕಾರಣ. ಪ್ರಭುತ್ವದ ಚರ್ಚನ್ನು ಬಿಟ್ಟು ಮನೆಗಳಲ್ಲಿ ಪ್ರಾರ್ಥನಾ ಸಭೆ ಸೇರುವುದನ್ನು ಸ್ವೀಡನ್ನಿನಲ್ಲಿ 1726ರ ಕಾಯಿದೆಯೊಂದು ನಿಷೇಧಿಸಿತ್ತು. ಗೋಧಿ ಹಿಟ್ಟು ಮಾರುತ್ತ ಊರೂರು ತಿರುಗಿ ಬೋಧಿಸುತ್ತಿದ್ದ ಎರಿಕ್ ಯಾನ್ಸನ್ ಎಂಬಾತ, ಬೈಬಲ್ ಒಂದೇ ಸಾಕೆಂದು 1844ರಲ್ಲಿ ಆ ಚರ್ಚಿನ ಮೂಲಗುರು ಲೂಥರನ ಪುಸ್ತಕಗಳನ್ನೂ ಬೆಂಕಿಗೆ ಹಾಕಿಸಿದ. ಅಧಿಕಾರಿಗಳ ಕಾಟ ಹೆಚ್ಚಾದಾಗ ಆತನೂ ಅನುಯಾಯಿಗಳೂ 1846ರಲ್ಲಿ ದೇಶ ಬಿಟ್ಟರು. ಹಡಗಿನಲ್ಲಿ ನ್ಯೂಯಾರ್ಕ್, ಅಲ್ಲಿಂದ ಎರೀ ಕಾಲುವೆ ಮತ್ತು ಮಹಾಸರೋವರಗಳ ಮೂಲಕ ಶಿಕಾಗೋ ತಲುಪಿದವರಲ್ಲಿ ಹಲವರು ಉಳಿದ ಸುಮಾರು 250 ಕಿಲೋಮೀಟರನ್ನು ನಡೆದೇ ಕ್ರಮಿಸಿದರು.

ಅವರು ಬಂದು ನಿಂತ ಹುಲ್ಲುಗಾವಲನ್ನು ಬರಿದಾದ ನೆಲವೆಂದು ವರ್ಣಿಸುವ ರೂಢಿಯಿದೆ. ಇದನ್ನು ಒಪ್ಪುವುದು ಕಷ್ಟ. ಆ ಸೀಮೆಯ ಮೂಲನಿವಾಸಿಗಳಾದ ಸಾಕ್ ಮತ್ತು ಮೆಸ್ಕ್ವಾಕಿ ಜನರು ಮಿಸಿಸಿಪ್ಪಿಯ ಪೂರ್ವಕ್ಕಿದ್ದ ತಮ್ಮ ನೆಲವನ್ನು ಉಳಿಸಿಕೊಳ್ಳಲು ಬ್ಲ್ಯಾಕ್ ಹಾಕ್ ಎಂಬ ನಾಯಕನ ಹಿಂದೆ ನಡೆಸಿದ ಕೊನೆಯ ಯತ್ನ ಸೋತದ್ದು 1832ರಲ್ಲಿ, ಅಂದರೆ ಸ್ವೀಡನ್ನಿನವರು ಬರುವುದಕ್ಕೆ ಕೇವಲ ಹದಿನಾಲ್ಕು ವರ್ಷ ಮೊದಲು.

ಮೊದಲ ಚಳಿಗಾಲವನ್ನು ವಲಸಿಗರು ಹಳ್ಳದ ದಂಡೆಯ ದಿಬ್ಬಗಳನ್ನು ಕೊರೆದು ಮಾಡಿಕೊಂಡ ಗವಿಗಳಂಥ ಮನೆಗಳಲ್ಲಿ ಕಳೆದರು. ವಸಂತ ಬರುವಷ್ಟರಲ್ಲಿ ನೂರರ ಹತ್ತಿರದಷ್ಟು ಮಂದಿ ಸತ್ತಿದ್ದರು. 1849ರ ಕಾಲರಾ ಮತ್ತೆ ನೂರಕ್ಕೂ ಮಿಕ್ಕಿ ಜನರನ್ನು ಕೊಂಡೊಯ್ಯಿತು. ಯಾನ್ಸನ್ನನ ಹೆಂಡತಿಯೂ ಅವರಲ್ಲೊಬ್ಬಳು. ಮರುವರ್ಷ ಮೇ ತಿಂಗಳಲ್ಲಿ, ವಸಾಹತಿನ ಹೆಣ್ಣನ್ನು ಮದುವೆಯಾಗಿ ಆಕೆಯನ್ನು ಹೊರಗೆ ಕರೆದೊಯ್ಯುವ ವಿಚಾರದಲ್ಲಿ ಜಗಳವಾಡುತ್ತಿದ್ದ ಜಾನ್ ರೂಟ್ ಎಂಬಾತ ಹತ್ತಿರದ ಕೇಂಬ್ರಿಜ್ ಊರಿನ ನ್ಯಾಯಾಲಯದಲ್ಲಿ ಯಾನ್ಸನ್ನನನ್ನು ಗುಂಡಿಕ್ಕಿ ಕೊಂದ.

ಈ ಕೊಲೆಯ ಕಥೆ ಎಲ್ಲರಿಗೂ ರುಚಿಸುತ್ತದೆ, ಆದರೆ ಊರು ಅದರಿಂದ ಮುರಿಯಲಿಲ್ಲ. ಅದರ ಒಳ್ಳೆಯ ಕಾಲ ಬಂದದ್ದೇ ಆಮೇಲೆ. 1853ರಲ್ಲಿ ಕಾನೂನುಬದ್ಧ ಸಂಸ್ಥೆಯಾಗಿ, ಏಳು ಜನ ಧರ್ಮದರ್ಶಿಗಳ ಆಡಳಿತದಲ್ಲಿ ಸುಮಾರು 12,000 ಎಕರೆ ಭೂಮಿ, ಅಗಸೆ ನಾರಿನ ಬಟ್ಟೆ, ಪೊರಕೆ ಕಟ್ಟುವ ಜಾತಿಯ ಜೋಳ, ಇಟ್ಟಿಗೆ ಗೂಡು, ಗಿರಣಿ ಎಲ್ಲವನ್ನೂ ಅದು ನಡೆಸುತ್ತಿತ್ತು. ನಿಮ್ಮ ಅಣ್ಣನ ಮಗಳು ಕಳುಹಿಸಿದ ಚಿತ್ರದ ಗೋಪುರದ ಕಟ್ಟಡ 1854ರದು. ಅಲ್ಲಿನ ಗಡಿಯಾರಕ್ಕೆ ಗಂಟೆಯ ಮುಳ್ಳು ಮಾತ್ರ ಇದೆ. ಬಾಲಕನಾಗಿದ್ದಾಗ 1850ರಲ್ಲಿ ಅಲ್ಲಿಗೆ ಬಂದ ಊಲೊಫ್ ಕ್ರಾನ್ಸ್ ಮುಂದೆ ನೆನಪಿನಿಂದ ಬಿಡಿಸಿದ ಒಂದು ಚಿತ್ರದಲ್ಲಿ ಆ ದಿನಗಳ ದುಡಿಮೆ ಸ್ಪಷ್ಟವಾಗಿ ಕಾಣುತ್ತದೆ: ಹೊಲದ ಎರಡು ತುದಿಗಳಲ್ಲಿ ಹಗ್ಗ ಹಿಡಿದ ಗಂಡಸರು, ಹಗ್ಗದುದ್ದಕ್ಕೂ ಒಂದೇ ಸಾಲಿನಲ್ಲಿ ನಿಂತು ಮೆಕ್ಕೆಜೋಳ ಊರುತ್ತಿರುವ ಹೆಂಗಸರು. ಗದ್ದೆ ನಾಟಿ ಕಂಡ ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಊರನ್ನು ಒಡೆದದ್ದು ಲೆಕ್ಕದ ಪುಸ್ತಕ. ಊಲೊಫ್ ಜಾನ್ಸನ್ ಎಂಬ ಧರ್ಮದರ್ಶಿ ರೈಲು, ಬ್ಯಾಂಕು, ನಿವೇಶನಗಳಲ್ಲಿ ವಸಾಹತಿನ ಹಣ ತೊಡಗಿಸಿದ್ದ. 1857ರ ಆರ್ಥಿಕ ಕುಸಿತದಲ್ಲಿ ಅದು ಮುಳುಗಿ ಸಾಲ ಉಳಿಯಿತು. 1861ರ ಹೊತ್ತಿಗೆ ಆಸ್ತಿಯನ್ನು ಸದಸ್ಯರಿಗೆ ಹಂಚಲಾಯಿತು, ವ್ಯಾಜ್ಯಗಳು ಮಾತ್ರ 1879ರವರೆಗೂ ಎಳೆದವು.

ಇದೇ ಓದುಗರ ಎರಡನೆಯ ಪ್ರಶ್ನೆ: ಇದನ್ನು ನಮ್ಮ ಕೊಡವರ ಒಕ್ಕದ (ಒಂದೇ ವಂಶದ ಕೂಡುಕುಟುಂಬದ) ಆಸ್ತಿಗೆ ಹೋಲಿಸಬಹುದೇ?

ಉತ್ತರ: ಒಂದು ಮಿತಿಯವರೆಗೆ ಹೋಲಿಸಬಹುದು. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿದ್ದರೂ ಹಕ್ಕು ಇಡೀ ಒಕ್ಕಕ್ಕೆ ಸೇರಿದಂತೆ, ಬಿಷಪ್ ಹಿಲ್‌ನ ನೆಲವೂ ಧರ್ಮದರ್ಶಿಗಳ ಕೈಯಲ್ಲಿದ್ದು ಸದಸ್ಯರೆಲ್ಲರಿಗೂ ಸೇರಿತ್ತು. ಆದರೆ ಒಕ್ಕದ ಹಕ್ಕು ಹುಟ್ಟಿನಿಂದ ಬರುವುದು, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರಿಗೆ ದೀಪ ಹಚ್ಚುವವರೆಲ್ಲ ಒಂದೇ ಬಳ್ಳಿಯವರು. ಅಲ್ಲಿಯ ಹಕ್ಕು ನಂಬಿಕೆಯಿಂದ ಬಂದದ್ದು, ಆ ನಂಬಿಕೆಯನ್ನು ಬೋಧಿಸಿದ್ದ ಯಾನ್ಸನ್ ಊರು ಹುಟ್ಟಿದ ನಾಲ್ಕೇ ವರ್ಷದಲ್ಲಿ ಸತ್ತ. ಅದಲ್ಲದೆ, ಪರಭಾರೆಗೆ ಕಟ್ಟುಪಾಡುಗಳಿದ್ದ ಜಮ್ಮಾ ಭೂಮಿಯನ್ನು ಪಟ್ಟೆದಾರನೊಬ್ಬನೇ ತನ್ನಿಷ್ಟದಂತೆ ಪಣಕ್ಕೊಡ್ಡುವುದು ಸುಲಭವಿರಲಿಲ್ಲ; ಬಿಷಪ್ ಹಿಲ್‌ನಲ್ಲಿ ಅಂಥ ತಡೆಯನ್ನು ಯಾರೂ ಇಟ್ಟಿರಲಿಲ್ಲ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದೇ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ಅಮೆರಿಕದ ಮಧ್ಯಪಶ್ಚಿಮದ ರೈತರ ಊರುಗಳು ರೈಲು ಹಾದಿಯಿಂದಲೇ ಬದುಕಿದವು ಎನ್ನುತ್ತಾರಲ್ಲ, ನಿಜವೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬಹುಪಾಲು ನಿಜ. 1785ರ ಭೂಶಾಸನದಂತೆ ಆ ಸೀಮೆಯನ್ನು ಆರು ಮೈಲಿ ಚದರದ ತುಂಡುಗಳಾಗಿ, ಪ್ರತಿ ತುಂಡನ್ನೂ 640 ಎಕರೆಯ 36 ಭಾಗಗಳಾಗಿ ಅಳೆದು, ಹದಿನಾರನೆಯ ಭಾಗವನ್ನು ಶಾಲೆಗೆಂದು ತೆಗೆದಿಟ್ಟರು. ಅಲ್ಲಿನ ರಸ್ತೆಗಳು ಇಂದಿಗೂ ಗೆರೆ ಎಳೆದಂತೆ ಇರುವುದು ಇದರಿಂದ. ರೈಲು ಬಂದ ಮೇಲೆ ಕಂಪನಿಗಳು, ಗಾಡಿ ಹೂಡಿದ ರೈತ ಧಾನ್ಯ ಹಾಕಿ ಅದೇ ದಿನ ಮನೆಗೆ ಮರಳುವಷ್ಟು ದೂರಕ್ಕೊಂದು ನಿಲ್ದಾಣ, ಅದರ ಪಕ್ಕ ಧಾನ್ಯದ ಉಗ್ರಾಣ ಎಂಬಂತೆ ಊರುಗಳನ್ನು ನೆಟ್ಟವು. ಮೇಲೆ ಹೇಳಿದ ಬಿಷಪ್ ಹಿಲ್ ಇದಕ್ಕೆ ತಿರುಗುಮುರುಗಿನ ಉದಾಹರಣೆ. 1854ರಲ್ಲಿ ರೈಲು ಹಾದದ್ದು ಕೆಲವೇ ಮೈಲಿ ದೂರದ ಗಾಲ್ವಾದಲ್ಲಿ. ಆ ಪಟ್ಟಣದ ನಿವೇಶನಗಳಿಗೆ ಬಿಷಪ್ ಹಿಲ್‌ನವರೇ ಹಣ ಹಾಕಿದ್ದರು. ವ್ಯಾಪಾರ ಅತ್ತ ಸರಿಯಿತು, ಆಮೇಲೆ ಟ್ರ್ಯಾಕ್ಟರ್ ಮತ್ತು ಕೊಯ್ಲು ಯಂತ್ರಗಳು ಬಂದು ಹತ್ತು ಜನರ ಕೆಲಸ ಒಬ್ಬನಿಗೆ ಸಾಕಾಯಿತು. ಹೊಸದಾಗಿ ಕಟ್ಟಲು ಯಾರ ಬಳಿಯೂ ಹಣವಿಲ್ಲದ್ದರಿಂದ ಹಳೆಯದನ್ನು ಕೆಡವುವ ಅಗತ್ಯವೂ ಬೀಳಲಿಲ್ಲ. ಎಲ್ಲರೂ ಕೂಡಿ ವಾಸಿಸುತ್ತಿದ್ದ ಇಟ್ಟಿಗೆಯ ದೊಡ್ಡ ಮನೆ 1928ರಲ್ಲಿ ಸುಟ್ಟುಹೋಯಿತು. ಉಳಿದ ಕಟ್ಟಡಗಳಲ್ಲಿ ಚರ್ಚನ್ನು 1946ರಲ್ಲಿ ರಾಜ್ಯ ಸರ್ಕಾರ ವಹಿಸಿಕೊಂಡಿತು, 1984ರಲ್ಲಿ ಊರಿಗೆ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ದೊರೆಯಿತು.