ಮಗಳನ್ನು ಯಾವ ಶಾಲೆಗೆ ಸೇರಿಸಲಿ?

ಪ್ರಶ್ನೆ: ಮಗಳಿಗೆ ಆರು ವರ್ಷ, ಒಂದನೇ ತರಗತಿಗೆ ಸೇರಿಸಬೇಕು. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರು. ನಮ್ಮಂಥವರೆಲ್ಲ ಬಿಟ್ಟು ಹೋದರೆ ಆ ಶಾಲೆ ಉಳಿಯುವುದಿಲ್ಲ, ಅಲ್ಲಿಗೇ ಸೇರಿಸೋಣ ಎನ್ನುತ್ತಾರೆ ನನ್ನ ಯಜಮಾನರು. ಮಗಳು ತೀರಾ ಮೆದು, ಕೇಳಿದರಷ್ಟೇ ಮಾತಾಡುವವಳು. ಖಾಸಗಿ ಶಾಲೆಯ ಶುಲ್ಕ ಕಟ್ಟುವ ಶಕ್ತಿ ನಮಗಿದೆ. ಹಾಗೆ ಮಾಡಿದರೆ ಸ್ವಾರ್ಥವೇ?

ಉತ್ತರ: ಸ್ವಾರ್ಥವಲ್ಲ ತಾಯಿ. ಶಾಲೆ ಉಳಿಸುವ ಹೊಣೆಯನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕಬಾರದು.

ಆದರೂ ನಿಮ್ಮ ಯಜಮಾನರ ಮಾತನ್ನು ತಳ್ಳಿಹಾಕಲಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದನ್ನು ಗುರುತಿಸಿದ್ದರು: ಶಾಲೆಯ ಮಟ್ಟ ಕುಸಿದಾಗ ಮೊದಲು ಮಕ್ಕಳನ್ನು ಬಿಡಿಸಿಕೊಂಡು ಹೋಗುವವರು ಕಲಿಕೆಯ ಬಗ್ಗೆ ಅತಿ ಹೆಚ್ಚು ಕಾಳಜಿಯಿರುವ ಪೋಷಕರೇ. ಅವರು ಹೋದಮೇಲೆ ಗಟ್ಟಿಯಾಗಿ ಕೇಳುವವರು ಯಾರೂ ಇರುವುದಿಲ್ಲ. 15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆದ 2018ರ ಪೀಸಾ ಪರೀಕ್ಷೆಯ ಓದಿನ ಫಲಿತಾಂಶವನ್ನೂ ಹೇಳಬೇಕು. ಮೇಲ್ನೋಟಕ್ಕೆ ಖಾಸಗಿ ಶಾಲೆಯವರು ಮುಂದಿದ್ದರು. ಮಕ್ಕಳ ಮತ್ತು ಶಾಲೆಗಳ ಸಾಮಾಜಿಕ, ಆರ್ಥಿಕ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಸರಾಸರಿಯಲ್ಲಿ ಸರ್ಕಾರಿ ಶಾಲೆಯವರೇ ಮುಂದೆ ಬಂದರು.

ಆದರೆ ಸರಾಸರಿ ನಿಮ್ಮ ಮಗಳಿಗೆ ಪಾಠ ಹೇಳುವುದಿಲ್ಲ. ಅನುಮತಿ ಕೇಳಿ ಆ ಶಾಲೆಯಲ್ಲಿ ಅರ್ಧ ದಿನ ಕುಳಿತುಕೊಳ್ಳಿ. ಕಟ್ಟಡ, ಕಂಪ್ಯೂಟರ್ ನೋಡಬೇಡಿ. ಶಿಕ್ಷಕರು ಮೂರನೇ ತರಗತಿಗೆ ಲೆಕ್ಕ ಹೇಳಿಕೊಡುವಾಗ ಒಂದನೇ ತರಗತಿಯವರು ಏನು ಮಾಡುತ್ತಾರೆ ನೋಡಿ. ಅಕ್ಷರ ತಿದ್ದುತ್ತಲೋ, ದೊಡ್ಡ ಮಕ್ಕಳ ಪಕ್ಕ ಕೂತು ಓದುತ್ತಲೋ ಇದ್ದರೆ ಆ ಶಿಕ್ಷಕರಿಗೆ ಕೆಲಸ ಗೊತ್ತು. ಸುಮ್ಮನೆ ಗಂಟೆ ಎಣಿಸುತ್ತಿದ್ದರೆ ಯೋಚಿಸಬೇಕು. ಹಿಂದಿನ ಸಾಲಿನ ಮಗುವಿನಿಂದ ನಾಲ್ಕು ಸಾಲು ಓದಿಸಿ ಕೇಳಿ. ಖಾಸಗಿ ಶಾಲೆಯಲ್ಲೂ ಇದನ್ನೇ ಮಾಡಿ. ಮಾತು ಕಡಿಮೆಯಿರುವ ಮಗು ಕಿಕ್ಕಿರಿದ ಕೋಣೆಯಲ್ಲಿ ಅಲ್ಲೂ ಕಳೆದುಹೋಗಬಹುದು.

ಪಾಠ ನಿಜವಾಗಿ ನಡೆಯುತ್ತಿದ್ದರೆ ಸರ್ಕಾರಿ ಶಾಲೆಗೇ ಸೇರಿಸಿ ಎನ್ನುತ್ತೇನೆ. ಒಬ್ಬರೇ ಹೋಗಬೇಡಿ, ಇನ್ನೆರಡು ಮನೆಯವರನ್ನೂ ಒಪ್ಪಿಸಿ. ಎಲ್ಲರೂ ಸಹಿ ಹಾಕಿ ಮೂರನೇ ಶಿಕ್ಷಕರಿಗಾಗಿ ಅರ್ಜಿ ಕೊಡಿ, ಉತ್ತರ ಬರುವವರೆಗೂ ಬೆನ್ನು ಬಿಡಬೇಡಿ. ಪಾಠವೇ ನಡೆಯದಿದ್ದರೆ ಖಾಸಗಿ ಶಾಲೆಗೆ ಸೇರಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಓದು ಕೂಡಿಬರಬೇಕಾದ ಮೊದಲ ಎರಡು ವರ್ಷ ಹಾಳಾದರೆ ಮುಂದೆ ಎಲ್ಲ ವಿಷಯದಲ್ಲೂ ಮಗು ತಡವರಿಸುತ್ತದೆ. ಆಗಲೂ ಆ ಅರ್ಜಿಗೆ ನಿಮ್ಮ ಸಹಿ ಇರಲಿ.

ಶಾಲೆ ನೋಡಲು ಮಾತ್ರ ಇಬ್ಬರೂ ಒಟ್ಟಿಗೇ ಹೋಗಿ. ಒಬ್ಬರು ನೋಡಿ ಬಂದು ಇನ್ನೊಬ್ಬರಿಗೆ ಹೇಳಿದರೆ ಮನೆಯ ವಾದ ಮತ್ತೆ ಮೊದಲಿನಿಂದ ಶುರುವಾಗುತ್ತದೆ.