ಹಿಮ ಬೂದಾಗುವುದು, ತೋಳ ಮಸುಕಾಗುವುದು: ಯೆಲ್ಲೋಸ್ಟೋನ್ ಚಿತ್ರಗಳ ಬಗ್ಗೆ

ನಿಮ್ಮ ಚಿತ್ರಗಳಲ್ಲಿ ಹಿಮ ಬೂದಾಗಿದೆ, ತೋಳ ಮಸುಕಾಗಿದೆ ಎಂದು ಕೇಳಿದ್ದೀರಿ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಲಮಾರ್ ಕಣಿವೆಯ ನಿಮ್ಮ ಚಿತ್ರಗಳಲ್ಲಿ ಹಿಮ ಬೂದು ಬಣ್ಣಕ್ಕೆ ತಿರುಗಿ, ದೊಡ್ಡ ಕಾಡುದನಗಳಾದ ಬೈಸನ್‌ಗಳು ಬರಿಯ ಕಪ್ಪು ಮುದ್ದೆಗಳಾಗಿ ಬಂದಿರುವುದಕ್ಕೆ ಕಾರಣ ಬಹುತೇಕ ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರ್. ಕಂಡದ್ದನ್ನೆಲ್ಲ ಮಧ್ಯಮ ಬೂದು ಎಂದೇ ಅದು ಲೆಕ್ಕ ಹಾಕುವುದರಿಂದ, ಚೌಕಟ್ಟಿನ ತುಂಬ ಬಿಳುಪಿದ್ದಾಗ ಬೆಳಕನ್ನು ತಗ್ಗಿಸಿಬಿಡುತ್ತದೆ.

ಮೊದಲು ರಾ ಕಡತಕ್ಕೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ, ಆಮೇಲೆ ತಿದ್ದಲು ಹೆಚ್ಚು ಅವಕಾಶವಿರುವ ಕಡತ) ಬದಲಾಯಿಸಿಕೊಳ್ಳಿ. ಬಳಿಕ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಲೆಕ್ಕಕ್ಕಿಂತ ಚಿತ್ರವನ್ನು ಬೆಳಗಿಸುವ ಅಥವಾ ಕಪ್ಪಾಗಿಸುವ ಹೊಂದಾಣಿಕೆ) ಅನ್ನು +1ಕ್ಕೆ ಏರಿಸಿ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆಯೆಂದು ತೋರಿಸುವ ನಕ್ಷೆ) ನೋಡಿ: ಹಿಮದ ಭಾಗ ಬಲ ಅಂಚಿನ ಸಮೀಪಕ್ಕೆ ಬರಬೇಕು, ಅಂಚಿಗೆ ಒತ್ತಿಕೊಂಡು ನಿಲ್ಲಬಾರದು. ಸಾಲದಿದ್ದರೆ +1.7ರವರೆಗೂ ಹೋಗಬಹುದು. ಬೈಸನ್ನೇ ಚೌಕಟ್ಟನ್ನು ತುಂಬಿದಾಗ ಮಾತ್ರ ಈ ಲೆಕ್ಕ ತಿರುಗುಮುರುಗಾಗಿ, ಅದರ ಬೆನ್ನಿನ ರೋಮಕ್ಕೆ ಅಂಟಿದ ಹಿಮದ ಹರಳುಗಳು ವಿವರವಿಲ್ಲದೆ ಬಿಳಿಚಿಕೊಳ್ಳುತ್ತವೆ; ಆಗ ಸೊನ್ನೆಗೆ ಅಥವಾ ಅದಕ್ಕಿಂತ ತುಸು ಕೆಳಕ್ಕೆ ಇಳಿಸಿ.

ತೋಳದ ಚಿತ್ರ ಮಸುಕಾದದ್ದರ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಕಾರಿನ ಕಿಟಕಿಯಿಂದ ತೆಗೆದಿದ್ದರೆ, ಹೀಟರಿನ ಬಿಸಿಗಾಳಿ ಹೊರಗಿನ ಚಳಿಗಾಳಿಯೊಡನೆ ಬೆರೆತು ಲೆನ್ಸಿನ ಮುಂದೆ ಅಲೆಯಾಡಿರುವ ಸಾಧ್ಯತೆ ಹೆಚ್ಚು. ಹೀಟರನ್ನೂ ಎಂಜಿನನ್ನೂ ನಿಲ್ಲಿಸಿ, ಗಾಜು ಇಳಿಸಿ, ಒಳಗಿನ ಗಾಳಿ ತಣ್ಣಗಾದ ಮೇಲೆ 1/1000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆಯಿರಿ. ಆಗಲೂ ಮಸುಕಾದರೆ ದೂರವೇ ತೊಡಕು. ತೋಳವನ್ನು ಚಿಕ್ಕದಾಗಿಯೇ ಇಟ್ಟು ಕಣಿವೆಯ ಚಿತ್ರವಾಗಿ ತೆಗೆಯುವುದೇ ಲೇಸು (ನನಗಂತೂ ಅಂಥ ಚಿತ್ರಗಳೇ ಹೆಚ್ಚು ಇಷ್ಟ). ಹತ್ತಿರ ಹೋಗುವಂತೆಯೂ ಇಲ್ಲ: ತೋಳ, ಕರಡಿಗಳಿಂದ ಕನಿಷ್ಠ 91 ಮೀಟರ್, ಬೈಸನ್‌ನಿಂದ 23 ಮೀಟರ್ ದೂರವಿರಬೇಕೆಂಬುದು ಅಲ್ಲಿಯ ನಿಯಮ.

ಕೋಣೆಗೆ ಮರಳುವ ಮುನ್ನ ಚಿತ್ರಗಳನ್ನು ಕಾಯದೆ ನೋಡಲು ಮೆಮೊರಿ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಂಡು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಕ್ಯಾಮೆರಾ ಕೋಣೆಯ ಬಿಸುಪಿಗೆ ಬರುವ ಮುನ್ನ ಚೀಲ ಬಿಚ್ಚಿದರೆ ಲೆನ್ಸಿನ ಮೇಲೆ ನೀರು ಕೂರುತ್ತದೆ.