ರೇಷನ್ ಅಂಗಡಿಯಲ್ಲಿ ತಂಬ್ ಹತ್ತದಿದ್ದರೆ ಮೊದಲು ನಂಬರ್ ಕೇಳಿ

ಪ್ರಶ್ನೆ: ಅಮ್ಮನಿಗೆ 68 ವರ್ಷ. ರೇಷನ್ ಅಂಗಡಿಯಲ್ಲಿ ಅವರ ತಂಬ್ ತಗೊಳ್ಳುವುದೇ ಇಲ್ಲ. ‘ಬೆರಳು ಸವೆದಿದೆ, ಹೊಸ ಆಧಾರ್ ಮಾಡಿಸಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಬರದ ವಾರವಿಲ್ಲ. ಹೊಸ ಆಧಾರ್ ಎಂಬುದೇ ಇಲ್ಲ. ಮತ್ತೆ ಅರ್ಜಿ ಹಾಕಿದರೆ ಹಳೆಯ ದಾಖಲೆಗೆ ತಾಳೆಯಾಗಿ ತಿರಸ್ಕೃತವಾಗುತ್ತದೆ, ಅಷ್ಟೆ.

ಯಂತ್ರದಲ್ಲಿ ಬಂದ ಎರರ್ ನಂಬರ್ ಕೇಳಿ. 330 ಬಂದರೆ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಆಗಿದೆ. ಬೆರಳನ್ನು ಎಷ್ಟು ಉಜ್ಜಿದರೂ ದಂಡ. ಮಗನೋ ಸೊಸೆಯೋ ವಂಚನೆಗೆ ಹೆದರಿ ಲಾಕ್ ಮಾಡಿ, ಅಮ್ಮನಿಗೆ ಹೇಳುವುದನ್ನು ಮರೆತಿರುತ್ತಾರೆ. 811 ಎಂದರೆ ದಾಖಲೆಯಲ್ಲಿ ಬೆರಳಚ್ಚೇ ಇಲ್ಲ. 5 ವರ್ಷದೊಳಗೆ ಆಧಾರ್ ಮಾಡಿಸಿ, ಆಮೇಲೆ ಅಪ್‌ಡೇಟ್ ಮಾಡಿಸದ ಮಕ್ಕಳದ್ದು ಹೀಗಾಗುತ್ತದೆ. 300 ಬಂದರೆ ಮಾತ್ರ ಬೆರಳಿನ ವಿಚಾರ.

ಯಂತ್ರ ನೋಡುವುದು ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬುದನ್ನು. ಸುಣ್ಣ, ಸಿಮೆಂಟು, ಅಡಿಕೆ ಸುಲಿಯುವ ಕೆಲಸದಿಂದ ಒರಟಾದ ಒಣ ಬೆರಳಲ್ಲಿ ಗೆರೆ ತುಂಡುತುಂಡಾಗಿ, ಇಲ್ಲದ ಕೊನೆಗಳು ಕಾಣುತ್ತವೆ. ಒದ್ದೆ ಬೆರಳಲ್ಲಿ ಗೆರೆಗಳು ಕೂಡಿ ಮಸಿ ಬಳಿದಂತಾಗುತ್ತದೆ. ಸೋಪಿನಲ್ಲಿ ಕೈ ತೊಳೆದು ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಜಿಡ್ಡು ಉಳಿಯದಂತೆ ಮತ್ತೆ ಒರೆಸಿ. ಗಾಜನ್ನೂ ಒರೆಸಿ, ಹಿಂದಿನವರ ಬೆವರು ಅಲ್ಲೇ ಇರುತ್ತದೆ. ಯಂತ್ರದ ಮೇಲೆ ಬಿಸಿಲು ಬೀಳುತ್ತಿದ್ದರೆ ಇನ್ನೊಂದು ಕೈ ಮರೆ ಹಿಡಿಯಿರಿ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತೂ ಬೆರಳು ದಾಖಲಾಗಿವೆ. ಎಡಗೈ ಉಂಗುರ ಬೆರಳು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ. ತುದಿಯಲ್ಲ, ಬೆರಳಿನ ಸುಳಿ ಗಾಜಿನ ನಡುವೆ ಕೂರಬೇಕು. ಉಗುರು ಬೆಳ್ಳಗಾಗುವಷ್ಟು ಒತ್ತಿದರೆ ಗೆರೆ ಚಪ್ಪಟೆಯಾಗುತ್ತದೆ.

ನಿಂಬೆರಸ, ಸೀಮೆಎಣ್ಣೆ, ಉಪ್ಪುಕಾಗದದ ಸಲಹೆ ಕೊಟ್ಟವರ ಬೆರಳಿನ ಮೇಲೇ ಮೊದಲು ಪ್ರಯೋಗ ಮಾಡಿ.

ಆದರೂ ಆಗದಿದ್ದರೆ ಕಣ್ಣಿನ ಪಾಪೆ ಅಥವಾ ಓಟಿಪಿ ಕೇಳಿ. ಅದೂ ಆಗದಿದ್ದರೆ ಹೆಸರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ರೇಷನ್ ಕೊಡಬೇಕು. 2017ರ ಅಕ್ಟೋಬರ್ 24ರ ಆಧಾರ್ ಪ್ರಾಧಿಕಾರದ ಸುತ್ತೋಲೆ ಇರುವುದೇ ಇದಕ್ಕೆ. ಪ್ರತಿ ತಿಂಗಳೂ 300 ಬಂದರೆ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. ಅದಕ್ಕೆ ಮುಂಚೆ ಒಂದೆರಡು ವಾರ ಸುಣ್ಣ, ಸಿಮೆಂಟು ಮುಟ್ಟಬೇಡಿ, ಸವೆದ ಗೆರೆ ಮತ್ತೆ ಏಳಲಿ.

ಪ್ರಶ್ನೆ: ಅವಳಿ ಮಕ್ಕಳ ಬೆರಳಚ್ಚು ಒಂದೇ ಇರುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ತೀರಿಕೊಂಡವರ ಬೆರಳಿನಿಂದ ಹಣ ತೆಗೆಯಬಹುದೇ?

ಉತ್ತರ: ಇದನ್ನು ನನ್ನನ್ನಲ್ಲ, ಪೊಲೀಸರನ್ನು ಕೇಳಿ.

ಪ್ರಶ್ನೆ: ಲಾಕ್ ಮಾಡಿದರೆ ರೇಷನ್ ಸಿಗುವುದಿಲ್ಲ ಎಂದಾದರೆ, ಲಾಕ್ ಮಾಡದೇ ಇರುವುದೇ ವಾಸಿಯಲ್ಲವೇ?

ಉತ್ತರ: ಅಲ್ಲ. ಆಧಾರ್ ಮೂಲಕ ಹಣ ತೆಗೆಯಲು ಓಟಿಪಿ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು. ಆಸ್ತಿ ಪತ್ರದಲ್ಲಿರುವ ಬೆರಳಚ್ಚನ್ನು ಸಿಲಿಕೋನ್‌ಗೆ ಇಳಿಸಿ ಖಾತೆ ಬರಿದು ಮಾಡಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ಹೊರಬಂದವು. ಲಾಕ್ ಇರಲಿ. ರೇಷನ್ ದಿನ ಆಧಾರ್ ಪ್ರಾಧಿಕಾರದ ಮೊಬೈಲ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆಯಿರಿ, 10 ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ತೆರೆದು ಹೊರಡಬೇಡಿ, ಕ್ಯೂನಲ್ಲಿ ನಿಮ್ಮ ಸರದಿ ಬಂದಾಗ ತೆರೆಯಿರಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, 3 ಕೆಲಸದ ದಿನದೊಳಗೆ ಬ್ಯಾಂಕಿಗೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.